ಸೋನಾರ್‌ಗೇ ಸತ್ತಿದ್ದಾ? ಕಾರವಾರ ಕಡೆಯ ಒಂದು ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಊರಿನ ಹೆಸರು, ಜನರ ಹೆಸರು, ವರ್ಷ ಯಾವ್ದೂ ಇಲ್ಲ, ಗುರುತು ಸಿಗ್ಬಾರ್ದು ಅಂತ ಒಂದೆರಡು ವಿವರ ಬೇಕಂತ್ಲೇ ಬದಲಿಸಿದೀನಿ. ಕಾರವಾರದಿಂದ ಅಂಕೋಲಾ ಕಡೆ ಹೋಗೋವಾಗ ಸಿಗೋ ಒಂದು ಮೀನುಗಾರರ ಊರು ಅಂತ ಇಟ್ಕೊಳ್ಳಿ. ನಾನು ಶಿರಸಿ ಕಡೆಯವ, ಕೆಲಸ ಕರಾವಳಿಯ ಕಾಲೇಜಲ್ಲಿ. ನಾವು ಐದಾರು ಜನ ಸೇರಿ ದಡಕ್ಕೆ ಬಿದ್ದ ಡಾಲ್ಫಿನ್, ಆಮೆ ಎಲ್ಲಾ ದಾಖಲೆ ಮಾಡೋ ಒಂದು ಸಣ್ಣ ಗುಂಪು ಕಟ್ಕೊಂಡಿದ್ವಿ. ನೇವಿ ಹಡಗಿನ ಸೋನಾರ್, ಅಂದ್ರೆ ನೀರಲ್ಲಿ ಸದ್ದು ಬಿಟ್ಟು ಹುಡುಕೋ ಯಂತ್ರ, ಈ ಪ್ರಾಣಿಗಳನ್ನ ಕೊಂದಿತು ಅಂತ ನಾವು ದೂರಿದ ಕೇಸು ಇದು. ಇದ್ರಲ್ಲಿ ನಾವು ಮಾಡಿದ ತಪ್ಪುಗಳೇ ಜಾಸ್ತಿ, ಅದಕ್ಕೇ ಬರೀತಿರೋದು, ಮಂಗಳೂರು ಕಡೆಯೋ ಗೋವಾ ಕಡೆಯೋ ಇನ್ಯಾರೋ ಇದೇ ಗುಂಡಿಗೆ ಬೀಳೋದು ಬೇಡ.

ಹಿನ್ನೆಲೆ

ಕಾರವಾರದವರಿಗೆ ನೇವಿ ಅಂದ್ರೆ ಪೇಪರಲ್ಲಿ ಓದೋ ಸುದ್ದಿ ಅಲ್ಲ, ಮನೆ ಪಕ್ಕದ ಕಾಂಪೌಂಡು. 1986ರಲ್ಲಿ ಸೀಬರ್ಡ್ ಅನ್ನೋ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದ್ದು, 2005ರ ಮೇ 31ಕ್ಕೆ ಆ ನೆಲೆ, ಐಎನ್‌ಎಸ್ ಕದಂಬ, ಶುರುವಾಗಿದ್ದು, ಈ ನಡುವೆ ಎಷ್ಟೋ ಮನೆಗಳು ಜಾಗ ಬಿಟ್ಟು ಬೇರೆ ಕಡೆ ಹೋಗಿದ್ದು, ಎಲ್ಲಾ ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ನಿನ್ನೆ ಮೊನ್ನೆದು ಅನ್ನೋ ಹಾಗೆ ಇದೆ. ಅದೇ ಮನೆಗಳ ಮಕ್ಕಳು ಒಳಗಡೆ ಕೆಲಸಕ್ಕೂ ಹೋಗ್ತಾರೆ. ಸಿಟ್ಟೂ ಇದೆ, ಸಂಬಳನೂ ಇದೆ. ಸಮುದ್ರದಲ್ಲಿ ಏನೇ ಆದ್ರೂ ಮೊದಲ ಮಾತು ಆ ಕಡೆನೇ ಹೋಗೋದು ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಇದು ಗೊತ್ತಿರ್ಬೇಕು.

ದಡದ ಹತ್ರ ನಮಗೆ ಸಿಗೋದು ಮುಖ್ಯವಾಗಿ ಎರಡು ಜಾತಿ. ಒಂದು ಹಂಪ್‌ಬ್ಯಾಕ್ ಡಾಲ್ಫಿನ್, ಬೆನ್ನ ಮೇಲೆ ಗೂನು ಇದ್ದು ಅದರ ಮೇಲೆ ಸಣ್ಣ ರೆಕ್ಕೆ, ಕಾಳಿ ನದಿ ಅಳಿವೆ ಬಾಯಿ, ದೇವಬಾಗ, ಕೂರ್ಮಗಡ ಕಡೆ ಟೂರಿಸ್ಟ್ ದೋಣಿಯವರು ತೋರ್ಸೋದು ಇದನ್ನೇ. 20–25 ಮೀಟರಿಗಿಂತ ಆಳದ ನೀರಿಗೆ ಇದು ಹೋಗೋದು ಕಮ್ಮಿ, ಅಂದ್ರೆ ಇದರ ಇಡೀ ಲೋಕ ದಡಕ್ಕೆ ಅಂಟಿಕೊಂಡ ಒಂದು ಸಣ್ಣ ಪಟ್ಟಿ. ಜಗತ್ತಿನ ಜೀವಿಗಳ ಸ್ಥಿತಿ ಲೆಕ್ಕ ಇಡೋ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನಂಚಿನದು. ಇನ್ನೊಂದು ಫಿನ್‌ಲೆಸ್ ಪೋರ್ಪಾಯ್ಸ್, ಡಾಲ್ಫಿನ್‌ನ ಹತ್ತಿರದ ಸಂಬಂಧಿ, ಬೆನ್ನ ರೆಕ್ಕೆನೇ ಇಲ್ಲ, ಬೂದು ಮೈ, ಮನುಷ್ಯನಷ್ಟು ಉದ್ದ, ಸ್ವಲ್ಪ ಅಲೆ ಇದ್ರೂ ಕಣ್ಣಿಗೆ ಬೀಳಲ್ಲ. ದೂರ ಆಳದಲ್ಲಿ ತಿಮಿಂಗಿಲಗಳು ಬೇರೆ. ಓಮಾನ್ ಹತ್ರ 2017ರಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ ಲುಬಾನ್ ಅನ್ನೋ ಹಂಪ್‌ಬ್ಯಾಕ್ ತಿಮಿಂಗಿಲ ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ವಾಪಸ್ ಹೋಗಿತ್ತು. ಓಮಾನ್ ಕಡೆ ಲೆಕ್ಕ ಹಾಕಿದಾಗ ಆ ಜಾತಿಯ ಅಲ್ಲಿನ ಗುಂಪಿನ ಸಂಖ್ಯೆ ನೂರರ ಒಳಗೆ ಬಂದಿತ್ತು. ಅಷ್ಟೇ ಇರೋ ಪ್ರಾಣಿಗಳು ಹಾದುಹೋಗೋ ನೀರು ನಮ್ಮ ಎದುರಿಗಿರೋದು.

ಇನ್ನು ಸೋನಾರ್. ಹಡಗು ಜೋರಾಗಿ ಒಂದು ಸದ್ದು ಬಿಡ್ತದೆ, ಸಬ್‌ಮರೀನ್‌ಗೆ ತಾಗಿ ವಾಪಸ್ ಬರೋ ಪ್ರತಿಧ್ವನಿ ಕೇಳ್ತದೆ. ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡ್ತದೆ, ಗಾಳಿಗಿಂತ ನಾಕು ಪಟ್ಟು ಜಾಸ್ತಿ ವೇಗ. ತೊಂದ್ರೆ ಕೊಟ್ಟಿದ್ದು ಅಂತ ದಾಖಲಾಗಿರೋದು ಹೆಚ್ಚಾಗಿ 1ರಿಂದ 10 ಕಿಲೋಹರ್ಟ್ಸ್ ನಡುವಿನ ಮಧ್ಯಮ ಆವರ್ತನದ ಸೋನಾರ್. 1996ರಲ್ಲಿ ಗ್ರೀಸ್‌ನಲ್ಲಿ ನೇಟೋ ಸೋನಾರ್ ಪರೀಕ್ಷೆ ನಡೀವಾಗ ಕೊಕ್ಕಿನ ತಿಮಿಂಗಿಲಗಳು (ಉದ್ದ ಮೂತಿಯ, ತುಂಬಾ ಆಳಕ್ಕೆ ಮುಳುಗೋ ಜಾತಿ) ದಡಕ್ಕೆ ಬಿದ್ವು, 2000ದ ಮಾರ್ಚಲ್ಲಿ ಬಹಾಮಾಸ್‌ನಲ್ಲಿ 17 ಪ್ರಾಣಿ. ಬಹಾಮಾಸ್ ಕೇಸಲ್ಲಿ ಕಿವಿ ಸುತ್ತ ರಕ್ತಸ್ರಾವ ಸಿಕ್ಕಿ, ಅಮೆರಿಕದ ನೌಕಾಪಡೆನೇ ಸೇರಿ 2001ರಲ್ಲಿ ಬರೆದ ವರದಿಯಲ್ಲಿ ಸೋನಾರೇ ಕಾರಣ ಆಗಿರೋ ಸಾಧ್ಯತೆ ಹೆಚ್ಚು ಅಂತ ಒಪ್ಕೊಂಡ್ರು. 2002ರಲ್ಲಿ ಕ್ಯಾನರಿ ದ್ವೀಪದಲ್ಲಿ 14, ಅವುಗಳ ಅಂಗಾಂಗದಲ್ಲಿ ಗಾಳಿ ಗುಳ್ಳೆ ಸಿಕ್ತು, ಡೈವರ್‌ಗಳು ಆಳದಿಂದ ಗಡಿಬಿಡಿಯಲ್ಲಿ ಮೇಲೆ ಬಂದ್ರೆ ಆಗ್ತದಲ್ಲ ಆ ತರ. ಅಂದ್ರೆ ಸದ್ದು ನೇರವಾಗಿ ಕೊಂದಿದ್ದಕ್ಕಿಂತ, ಸದ್ದಿಗೆ ಹೆದರಿ ಅವು ಈಜೋ ರೀತಿನೇ ತಪ್ಪಿಹೋಗಿ ಸತ್ತಿರೋ ಸಾಧ್ಯತೆ ಹೆಚ್ಚು.

ಇದೆಲ್ಲಾ ನಾವು ಓದಿದ್ವಿ. ಅರ್ಧ ಓದಿದ್ವಿ ಅನ್ನೋದು ಆಮೇಲೆ ಗೊತ್ತಾಯ್ತು.

ಆಗಿದ್ದೇನು

ದೀಪಾವಳಿ ಆಸುಪಾಸು. ಒಂಬತ್ತು ದಿನದಲ್ಲಿ ಮೂರು ಹೆಣ, ಎರಡು ಪೋರ್ಪಾಯ್ಸ್, ಒಂದು ಹಂಪ್‌ಬ್ಯಾಕ್ ಡಾಲ್ಫಿನ್. ಮೊದಲನೇದು ಬಿದ್ದಿದ್ದು ಬೆಳಿಗ್ಗೆ, ನಮಗೆ ಫೋನ್ ಬರೋ ಹೊತ್ತಿಗೆ ಹತ್ತೂವರೆ, ಹೋಗಿ ಮುಟ್ಟೋ ಹೊತ್ತಿಗೆ ಜೆಸಿಬಿ ತಂದು ಹುಗಿದು ಆಗಿತ್ತು. ವಾಸನೆ ಬರ್ತದೆ, ನಾಯಿ ಎಳೀತವೆ, ಪಂಚಾಯ್ತಿಯವರನ್ನ ಬಯ್ಯೋ ಹಾಗೂ ಇಲ್ಲ. ನಮಗೆ ಸಿಕ್ಕಿದ್ದು ಹುಡುಗ್ರು ತೆಗೆದ ನಾಕು ಫೋಟೋ, ಅದ್ರಲ್ಲಿ ಎರಡು ಸೆಲ್ಫಿ.

ಅಲ್ಲೇ ನಿಂತಿದ್ದ ಒಬ್ರು ಹೇಳಿದ್ರು, ಮೂರು ದಿನದಿಂದ ಹೊರಗಡೆ ಬೂದು ಹಡಗು ಸುತ್ತಾ ಇದ್ವು ಅಂತ. ಇನ್ನೊಬ್ರು, ಹೌದೌದು ಹೆಲಿಕಾಪ್ಟರೂ ಇತ್ತು ಅಂದ್ರು. ಸಂಜೆ ಆಗೋದ್ರೊಳಗೆ ವಾಟ್ಸಾಪಲ್ಲಿ "ಸೋನಾರ್‌ಗೆ ಬಲಿಯಾದ ಡಾಲ್ಫಿನ್" ಅಂತ ಓಡಾಡ್ತಿತ್ತು. ಅದನ್ನ ಬರೆದಿದ್ದು ನಮ್ಮ ಗುಂಪಿನವ್ರೇ. ನಾನೇ ಓದಿ ಸರಿ ಇದೆ ಅಂದಿದ್ದೆ.

ಮಾರನೇ ದಿನ ನಾವು ಒಂದು ಪತ್ರ ಬರೆದ್ವಿ, ಸಂಬಂಧಪಟ್ಟ ಎರಡು ಕಚೇರಿಗೆ, ಒಂದು ಪತ್ರಿಕೆಗೂ. ಸೋನಾರ್‌ನಿಂದ ಸತ್ತಿದೆ ಅಂತ ನೇರವಾಗೇ ಬರೆದ್ವಿ, ಸೋನಾರ್ ಸದ್ದು 235 ಡೆಸಿಬಲ್, ಜೆಟ್ ವಿಮಾನಕ್ಕಿಂತ ಕೋಟಿ ಪಟ್ಟು ಜೋರು ಅಂತ ಸೇರಿಸಿದ್ವಿ, ಅಭ್ಯಾಸ ನಿಲ್ಲಿಸ್ಬೇಕು ಅಂತ ಕೇಳಿದ್ವಿ. ಪತ್ರಿಕೆಯಲ್ಲಿ ಬಂತು, ತುಂಬಾ ಜನ ಶೇರ್ ಮಾಡಿದ್ರು, ನಮಗೆ ಏನೋ ದೊಡ್ಡ ಕೆಲಸ ಮಾಡಿದ ಖುಷಿ.

ಹತ್ತು ದಿನಕ್ಕೆ ಒಂದೇ ಪುಟದ ಉತ್ತರ. ಮರ್ಯಾದೆಯಿಂದಲೇ ಬರೆದಿದ್ರು. ಪ್ರಾಣಿ ಸತ್ತಿದ್ದು ಯಾವಾಗ, ಎಲ್ಲಿ ಸತ್ತು ಎಲ್ಲಿಗೆ ತೇಲಿ ಬಂತು, ಯಾವ ಅಂಗದಲ್ಲಿ ಏನು ಗಾಯ ಸಿಕ್ತು ಅಂತ ಕೇಳಿದ್ರು. ಜೊತೆಗೆ ಒಂದು ಸಾಲು: ನೀರಿನ ಡೆಸಿಬಲ್ಲೂ ಗಾಳಿಯ ಡೆಸಿಬಲ್ಲೂ ಬೇರೆ ಬೇರೆ ಆಧಾರದ ಮೇಲೆ ಅಳೆಯೋದು, ನೇರ ಹೋಲಿಸೋಕೆ ಬರಲ್ಲ. ನೂರಕ್ಕೆ ನೂರು ನಿಜ. ನೀರಿನ ಅಂಕಿಯಿಂದ ಸುಮಾರು 62 ಕಳೆದ್ರೆ ಮಾತ್ರ ಗಾಳಿಯ ಅಂಕಿಗೆ ಹತ್ರ ಬರ್ತದೆ. ಹಾಗೆ ಕಳೆದ್ರೂ ಸೋನಾರ್ ತುಂಬಾನೇ ಜೋರು, ಆದ್ರೆ ನಾವು ಬರೆದ ಲೆಕ್ಕ ಮಾತ್ರ ತಪ್ಪು. ಆ ಒಂದು ತಪ್ಪಿನಿಂದ ಉಳಿದ ನಿಜ ಮಾತುಗಳಿಗೂ ಬೆಲೆ ಹೋಯ್ತು. ನಮ್ಮ ಪರವಾಗಿ ಓಡಾಡಿದ್ದ ಒಬ್ಬ ಕಿರಿಯ ಅರಣ್ಯ ಸಿಬ್ಬಂದಿ ಮೇಲಿನವರಿಂದ ಮಾತು ಕೇಳ್ಬೇಕಾಯ್ತು, ಅದು ನನಗೆ ಇವತ್ತಿಗೂ ನೋವು.

ಎರಡನೇ ಹೆಣ, ಮತ್ತೆ ಐಸ್ ಬಾಕ್ಸು

ಈ ಉತ್ತರ ಬರೋಕೆ ಮುಂಚೆನೇ ಎರಡನೇದು ಬಿದ್ದಿತ್ತು. ಇದು ತಾಜಾ. ಈ ಕೆಲಸದಲ್ಲಿ ಹೆಣಕ್ಕೆ 1ರಿಂದ 5ರ ತನಕ ನಂಬರ್ ಕೊಡ್ತಾರೆ, 1 ಅಂದ್ರೆ ಜೀವ ಇದೆ, 2 ಅಂದ್ರೆ ಈಗಷ್ಟೇ ಸತ್ತಿದ್ದು, 5 ಅಂದ್ರೆ ಮೂಳೆ. ಇದು 2. ಈ ಸಲ ಬಿಡ್ಬಾರ್ದು ಅಂತ ಹೇಳಿ ನಮ್ಮಲ್ಲೊಬ್ಬ ತಲೆ ಕತ್ತರಿಸಿ ಮೀನಿನ ಥರ್ಮಾಕೋಲ್ ಬಾಕ್ಸಲ್ಲಿ ಐಸ್ ಹಾಕಿ ಕಾರಿಗೆ ಇಟ್ಟ. ಶಿರಸಿಯಲ್ಲಿ ನನ್ನ ಗೆಳೆಯ ಕಿವಿ-ಮೂಗು-ಗಂಟಲು ಡಾಕ್ಟರು, ಅವರ ಹತ್ರ ತಗೊಂಡು ಹೋದ್ರೆ ಕಿವಿ ತೆಗೆದುಕೊಡ್ತಾರೆ ಅಂತ ನಮ್ಮ ಪ್ಲಾನು. ದೇವಿಮನೆ ಘಟ್ಟ ಹತ್ತೋಕೆ ಮುಂಚೆನೇ ಅರಣ್ಯ ಇಲಾಖೆಯವರ ಫೋನು, ಎಲ್ಲಿದ್ದೀರಿ ವಾಪಸ್ ಬನ್ನಿ ಅಂತ.

ಅವರು ಮಾಡಿದ್ದು ಸರಿನೇ. ಡಾಲ್ಫಿನ್, ಪೋರ್ಪಾಯ್ಸ್, ತಿಮಿಂಗಿಲ ಎಲ್ಲಾ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿವೆ. 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕಿದ ಪ್ರಾಣಿನೂ ಸರ್ಕಾರದ ಸ್ವತ್ತು, ಕೈಗೆ ಬಂದ್ರೆ 48 ಗಂಟೆ ಒಳಗೆ ತಿಳಿಸ್ಬೇಕು, ಅನುಮತಿ ಇಲ್ದೆ ಒಂದು ಹಲ್ಲೂ ಇಟ್ಕೊಳ್ಳೋ ಹಾಗಿಲ್ಲ. ನಮ್ಮ ಉದ್ದೇಶ ಒಳ್ಳೇದು ಅನ್ನೋದು ಕಾಗದದಲ್ಲಿ ಎಲ್ಲೂ ಬರೆದಿರ್ಲಿಲ್ಲ. ಪಂಚನಾಮೆ ಆಯ್ತು, ಸಹಿ ಆಯ್ತು, ಕೇಸ್ ಮಾಡದೆ ಬಿಟ್ಟಿದ್ದು ಅವರ ದೊಡ್ಡತನ. ಆದ್ರೆ ಈ ಗಲಾಟೆಯಲ್ಲಿ ತಲೆ ಒಂದು ರಾತ್ರಿ ವರಾಂಡದಲ್ಲಿ ಇತ್ತು, ಮಾರನೇ ದಿನ ಯಾರೋ ಹಾಳಾಗ್ಬಾರ್ದು ಅಂತ ಐಸ್ ಪ್ಲಾಂಟಿನ ಫ್ರೀಜರಿಗೆ ಹಾಕಿಸಿದ್ರು. ಫ್ರೀಜ್ ಆದ್ರೆ ಜೀವಕೋಶ ಒಡೆದು ಹೋಗ್ತದೆ, ಒಳಗಿವಿಯ ಸೂಕ್ಷ್ಮ ಪರೀಕ್ಷೆಗೆ ಆ ಕಿವಿ ಸತ್ತ ಹಾಗೇ. ಬರೀ ಐಸಲ್ಲಿ ಇಡ್ಬೇಕು, ಹೆಪ್ಪುಗಟ್ಟಿಸ್ಬಾರ್ದು. ನಾವೂ ಅದನ್ನ ಯಾರಿಗೂ ಹೇಳಿರ್ಲಿಲ್ಲ, ಹೇಳೋಕೆ ಮೊದ್ಲು ನಮಗೆ ಗೊತ್ತಿದ್ರೆ ತಾನೆ.

ದೇಹದ ಪೋಸ್ಟ್‌ಮಾರ್ಟಂ ಮಾತ್ರ ಪಶುವೈದ್ಯರು ಚೆನ್ನಾಗಿ ಮಾಡಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಎದೆ ರೆಕ್ಕೆಯ ಮುಂದಿನ ಅಂಚಲ್ಲಿ ಸಣ್ಣ ಸಣ್ಣ ಗೆರೆ, ಒಂದೇ ಅಳತೆಯ ಅಂತರದಲ್ಲಿ. ಶ್ವಾಸನಾಳದಲ್ಲಿ ನೊರೆ. ಹೊಟ್ಟೆಯಲ್ಲಿ ಇನ್ನೂ ಜೀರ್ಣ ಆಗದ ಮೀನು, ಅಂದ್ರೆ ಉಂಡು ತಿಂದು ಆರೋಗ್ಯವಾಗಿದ್ದ ಪ್ರಾಣಿ. ಡಾಕ್ಟರು ಕೈಗವಸು ತೆಗೀತಾ "ಇದು ಬಲೆ ಗುರುತು ಸರ್" ಅಂದ್ರು, ಮೆಲ್ಲಗೆ. ಸುತ್ತ ಹದಿನೈದು ಇಪ್ಪತ್ತು ಜನ ನಿಂತಿದ್ರು. ಒಬ್ರೂ ಮಾತಾಡ್ಲಿಲ್ಲ.

ನನ್ನ ಪ್ರಕಾರ ಇಡೀ ಕೇಸು ತಿರುಗಿದ್ದು ಅವತ್ತು ಸಂಜೆ. ಊರಿನ ಒಬ್ಬ ಹಿರಿಯ ತಾಂಡೇಲ, ಅಂದ್ರೆ ದೋಣಿ ನಡೆಸೋ ಮುಖ್ಯಸ್ಥ, ನಲವತ್ತು ವರ್ಷ ಸಮುದ್ರ ಕಂಡವ್ರು, ದೋಣಿ ಪಕ್ಕ ಬಲೆ ಸರಿಮಾಡ್ತಾ ಕೂತಿದ್ರು. ನಾನು ಹೋಗಿ ಪಕ್ಕದಲ್ಲಿ ಕೂತೆ. ತುಂಬಾ ಹೊತ್ತು ಆದ್ಮೇಲೆ ಅವರೇ ಶುರು ಮಾಡಿದ್ರು.

"ಮಾಸ್ತರ್ರೆ, ನೇವಿ ಅಂದ್ರೆ ಊರಲ್ಲಿ ಯಾರಿಗೂ ನಷ್ಟ ಇಲ್ಲ. ಬಲೆ ಅಂದ್ರೆ ನಮ್ಮ ಹೊಟ್ಟೆ."

"ನಿಮಗೆ ಮೊದ್ಲೇ ಗೊತ್ತಿತ್ತಾ ಅಣ್ಣ?"

"ಗೊತ್ತಿರೂದೆಂತ, ಬಲೆಗೆ ಬಂದ್ರೆ ಎಳೀವಾಗ್ಲೇ ಸತ್ತಿರ್ತದೆ. ಕೈ ಮುಗಿದು ಬಿಡ್ತೇವೆ. ಬೇಕಂತ ಯಾರೂ ಹಿಡಿಯೂದಿಲ್ಲ. ಹೇಳಿದ್ರೆ ಕೇಸು, ಹೇಳದಿದ್ರೆ ಪಾಪ. ಮತ್ತೆ ಬೂದು ಹಡಗು ಅಂದ್ರಿ ನೀವು, ಕಾರವಾರದಾಗೆ ಬೂದು ಹಡಗು ಕಾಣದ ವಾರ ಯಾವುದದೆ ಹೇಳಿ?"

ಈ ಕೊನೇ ಮಾತು ನನ್ನ ತಲೆ ಒಳಗೆ ಕೂತ್ಬಿಡ್ತು. ನೌಕಾನೆಲೆ ಎದುರಿಗೆ ಇದ್ದಾಗ ಯಾವ ದಿನ ಹೆಣ ಬಿದ್ರೂ ಅದರ ಹಿಂದಿನ ಮೂರು ದಿನದಲ್ಲಿ ಒಂದು ಹಡಗು ಇದ್ದೇ ಇರ್ತದೆ. ಹಾಗಾಗಿ ಹಡಗು ಇತ್ತು, ಹೆಣ ಬಿತ್ತು ಅನ್ನೋದು ಸಾಕ್ಷಿನೇ ಅಲ್ಲ. ಹಡಗು ಇದ್ದೂ ಹೆಣ ಬೀಳದ ದಿನ ಎಷ್ಟು, ಹಡಗು ಇಲ್ದೆ ಹೆಣ ಬಿದ್ದ ದಿನ ಎಷ್ಟು, ಇದು ಗೊತ್ತಿಲ್ದೆ ನಾವು ಯಾರ ಮೇಲೂ ಬೆರಳು ತೋರ್ಸೋ ಹಾಗಿಲ್ಲ, ಯಾರನ್ನೂ ನಿರ್ದೋಷಿ ಅನ್ನೋ ಹಾಗೂ ಇಲ್ಲ. ತೂತುಕುಡಿ ಕಡೆ 2016ರ ಜನವರಿಯಲ್ಲಿ ಹತ್ತಿರ ಹತ್ತಿರ ನೂರು ಪೈಲಟ್ ತಿಮಿಂಗಿಲ ದಡಕ್ಕೆ ಬಂದಾಗ್ಲೂ ಸೋನಾರ್ ಅಂತ ಗುಲ್ಲೆದ್ದಿತ್ತು, ಆದ್ರೆ ಅದೇ ಕರಾವಳಿಯಲ್ಲಿ 1973ರ ಜನವರಿಯಲ್ಲೂ 147 ಬಿದ್ದಿದ್ವು ಅಂತ ದಾಖಲೆ ಇದೆ. ಗುಂಪು ಗುಂಪಾಗಿ ದಡಕ್ಕೆ ಬರೋದಕ್ಕೆ ಕಾರಣ ಒಂದೇ ಅಲ್ಲ.

ಮೂರನೇ ಹೆಣ, ಹಂಪ್‌ಬ್ಯಾಕ್ ಡಾಲ್ಫಿನ್ದು, ಸಿಗೋವಾಗ್ಲೇ ಕೊಳೆತು ಚರ್ಮ ಕಿತ್ತು ಬರ್ತಿತ್ತು. ಅದರಿಂದ ಅಳತೆ, ಹಲ್ಲಿನ ಫೋಟೋ ಬಿಟ್ರೆ ಏನೂ ಸಿಗ್ಲಿಲ್ಲ. ಒಳಗಡೆ ಗಾಳಿ ಇತ್ತು, ಆದ್ರೆ ಕೊಳೀವಾಗ ಗಾಳಿ ತಾನಾಗೇ ಹುಟ್ಟುತ್ತೆ, ಹಾಗಾಗಿ ಸೋನಾರ್ ಗುಳ್ಳೆ ಅಂತ ಹೇಳ್ಬೇಕಂದ್ರೆ ಸತ್ತ ಒಂದು ದಿನದ ಒಳಗೇ ಕೊಯ್ದು ನೋಡಿರ್ಬೇಕು.

ಆಮೇಲೆ ಏನೇನು ಪ್ರಯತ್ನ ಮಾಡಿದ್ವಿ

ಮೊದಲು ನಮ್ಮ ಪತ್ರನ ವಾಪಸ್ ತಗೊಂಡ್ವಿ. ಗುಂಪಲ್ಲಿ ಜಗಳ ಆಯ್ತು, ಹೀಗೆ ಮಾಡಿದ್ರೆ ಸೋನಾರ್ ವಿಷಯನೇ ಮುಚ್ಚಿಹೋಗ್ತದೆ, ಇನ್ನು ಯಾರೂ ಬಾಯಿ ಬಿಡಲ್ಲ ಅಂತ ಇಬ್ರು ವಾದ ಮಾಡಿದ್ರು, ಅವ್ರ ಭಯ ಸುಳ್ಳಲ್ಲ. ಆದ್ರೆ ತಪ್ಪು ಅಂತ ಗೊತ್ತಾದ ಮಾತನ್ನ ಬಿಟ್ಟು ಇಟ್ರೆ ಮುಂದೆ ನಿಜವಾದ ಕೇಸ್ ಬಂದ ದಿನ ಯಾರೂ ಕಿವಿ ಕೊಡಲ್ಲ ಅಂತ ನಾನು ಪಟ್ಟು ಹಿಡಿದೆ. ಪತ್ರಿಕೆಗೂ ತಿದ್ದುಪಡಿ ಕಳಿಸಿದ್ವಿ, ಒಂದು ಮೂಲೆಯಲ್ಲಿ ಬಂತು. ಗುಂಪು ಬಿಟ್ಟು ಹೋದವ್ರು ಒಬ್ರು.

ಆಮೇಲೆ ನಮ್ಮ ಪುಣ್ಯಕ್ಕೆ ಒಬ್ಬ ನಿವೃತ್ತರು ಸಿಕ್ಕಿದ್ರು, ಹಿಂದೆ ಹಡಗಲ್ಲಿ ಸೋನಾರ್ ಕೆಲಸ ಮಾಡಿದವ್ರು, ಈಗ ಊರಲ್ಲಿ ತೆಂಗಿನ ತೋಟ ನೋಡ್ಕೊಂಡು ಇರೋರು. ಗುಟ್ಟಿನ ವಿಷಯ ಏನೂ ಕೇಳ್ಬೇಡಿ ಅಂತ ಮೊದ್ಲೇ ಷರತ್ತು ಹಾಕಿ, ಪುಸ್ತಕದಲ್ಲಿ ಇರೋದನ್ನೇ ಎರಡು ಸಂಜೆ ಕೂತು ಬಿಡಿಸಿ ಹೇಳಿದ್ರು. ಹಡಗು ಯಾವಾಗ್ಲೂ ಸದ್ದು ಬಿಡ್ತಾ ಇರಲ್ಲ, ಬಿಟ್ರೆ ತಾನಿರೋ ಜಾಗ ಶತ್ರುಗೆ ತಾನೇ ಹೇಳಿದ ಹಾಗೆ, ಹಾಗಾಗಿ ಎಷ್ಟೋ ಹೊತ್ತು ಬರೀ ಕೇಳಿಸ್ಕೊಳ್ತಾ ಇರೋದೇ ಕೆಲಸ. ಬಿಸಿಲಿಗೆ ಮೇಲಿನ ನೀರು ಕಾದ್ರೆ ಸದ್ದು ನೇರ ಹೋಗದೆ ಕೆಳಗೆ ಬಗ್ತದೆ, ಮಧ್ಯಾಹ್ನ ಮೇಲೆ ಸೋನಾರ್ ಮಂಕಾಗ್ತದೆ ಅಂತ ಎರಡನೇ ಮಹಾಯುದ್ಧದ ಕಾಲದಿಂದ್ಲೇ ಗೊತ್ತು. ಹತ್ತಿಪ್ಪತ್ತು ಮೀಟರ್ ಆಳದ ನೀರಲ್ಲಿ ಸದ್ದು ತಳಕ್ಕೂ ಮೇಲಕ್ಕೂ ಬಡಿದು ಬಡಿದು ಗೋಜಲಾಗ್ತದೆ. ಇದನ್ನ ಕೇಳಿದ್ಮೇಲೆ ನಮಗೆ ಒಂದು ವಿಷಯ ಹೊಳೀತು, ಸೋನಾರ್ ಕೊಂದಿದ್ದು ಅಂತ ಜಗತ್ತಿನಲ್ಲಿ ಖಚಿತವಾದ ಕೇಸುಗಳು ಬಹುಪಾಲು ಕೊಕ್ಕಿನ ತಿಮಿಂಗಿಲದ್ದು, ಅವು ಸಾವಿರಾರು ಮೀಟರ್ ಮುಳುಗೋವು, ಒಂದು ಕಡೆ 2992 ಮೀಟರ್ ತನಕ ಅಳೆದಿದ್ದಾರೆ. ಅಂಥ ಆಳ ನಮ್ಮ ದಡದಿಂದ ತುಂಬಾ ದೂರ. ಅಲ್ಲಿ ಏನಾದ್ರೂ ಆದ್ರೆ ಹೆಣ ಕಾರವಾರಕ್ಕೆ ಬರೋದೇ ಅನುಮಾನ, ಮುಳುಗಿಯೋ ಮೀನು ತಿಂದೋ ಹೋಗ್ತದೆ. ದಡದಲ್ಲಿ ಬಿದ್ದ ಹೆಣ ಎಣಿಸ್ಕೊಂಡು ಸೋನಾರ್ ಲೆಕ್ಕ ಮಾಡ್ತೀವಿ ಅನ್ನೋದು ಹೆದ್ದಾರಿ ಪಕ್ಕ ನಿಂತು ಕಾಡಿನ ಒಳಗೆ ಎಷ್ಟು ಪ್ರಾಣಿ ಸತ್ವು ಅಂತ ಎಣಿಸಿದ ಹಾಗೆ.

ಹಾಗಂತ ದಡದ ಡಾಲ್ಫಿನ್‌ಗಳಿಗೆ ಏನೂ ಆಗಲ್ಲ ಅಂತ ಅಲ್ಲ. 2008ರ ಜೂನಲ್ಲಿ ಇಂಗ್ಲೆಂಡಿನ ಫಾಲ್ಮತ್ ಹತ್ರ 26 ಸಾಮಾನ್ಯ ಡಾಲ್ಫಿನ್ ಸತ್ವು, ಬೇರೆ ಕಾರಣಗಳನ್ನ ಒಂದೊಂದಾಗಿ ತೆಗೆದುಹಾಕಿ ಕೊನೆಗೆ ನೌಕಾ ಅಭ್ಯಾಸನೇ ಹೆಚ್ಚು ಸಾಧ್ಯ ಅಂತ ಬರೆದ್ರು. ಅದೇ ವರ್ಷ ಮಡಗಾಸ್ಕರ್‌ನಲ್ಲಿ ನೂರರಷ್ಟು ತಿಮಿಂಗಿಲ ಒಂದು ಹಿನ್ನೀರಿಗೆ ನುಗ್ಗಿದ್ದಕ್ಕೆ ಕಾರಣ ಯುದ್ಧನೌಕೆನೇ ಅಲ್ಲ, ತೈಲ ಹುಡುಕೋ ಕೆಲಸಕ್ಕೆ ಸಮುದ್ರತಳ ಅಳೀತಿದ್ದ 12 ಕಿಲೋಹರ್ಟ್ಸ್ ಎಕೋಸೌಂಡರ್ ಆಗಿರೋ ಸಾಧ್ಯತೆನೇ ಹೆಚ್ಚು ಅಂತ ತಜ್ಞರ ಸಮಿತಿ 2013ರಲ್ಲಿ ಹೇಳ್ತು. ಇದು ಓದಿದ್ಮೇಲೆ ನಮ್ಮ ನೋಟ್‌ಬುಕ್ಕಲ್ಲಿ "ನೇವಿ ಹಡಗು" ಅನ್ನೋ ಕಾಲಂ ತೆಗೆದು "ಏನು ಕಂಡಿತು" ಅಂತ ಮಾಡಿದ್ವಿ, ಸರ್ವೆ ಬೋಟು, ಡ್ರೆಜ್ಜಿಂಗು, ಕಂಬ ಹೊಡೆಯೋ ಕೆಲಸ ಎಲ್ಲಾ ಅದ್ರಲ್ಲೇ.

ನೋಟ್‌ಬುಕ್ ಅಂದ್ನಲ್ಲ, ಅದು ತಾಂಡೇಲರದ್ದು. ಅವರು ಹೇಗೂ ದಿನಾ ಗಾಳಿ, ನೀರು, ಮೀನು ಬರ್ಕೊಳ್ತಿದ್ರು, ಅದಕ್ಕೇ ಎರಡು ಕಾಲಂ ಸೇರಿಸಿದ್ವಿ. ಆಮೇಲೆ ಇನ್ನೂ ಮೂರು ದೋಣಿಯವರು ಸೇರಿದ್ರು. ಹೆಣ, ಜೀವಂತ ಪ್ರಾಣಿ, ಬಲೆಗೆ ಬಿದ್ದಿದ್ದು ಎಲ್ಲಾ ಬರೀಬೇಕು, ಯಾವ ದೋಣಿ ಅಂತ ಬರೀಬಾರ್ದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಟ್ರಾಲರ್ ಬಂದ್ ಇರೋವಾಗ್ಲೂ ದಡ ನೋಡ್ಕೊಂಡು ಬರೀಬೇಕು, ಯಾಕಂದ್ರೆ ಮಳೆಗಾಲದ ಪಶ್ಚಿಮದ ಗಾಳಿಗೆ ಹೆಣ ದಡಕ್ಕೆ ಬರೋದು ಜಾಸ್ತಿ, ಬಲೆ ಕಮ್ಮಿ ಇರೋ ಕಾಲದಲ್ಲಿ ಬಿದ್ದ ಹೆಣ ಬೇರೆ ಕಾರಣದ ಕಡೆ ಕೈ ತೋರಿಸ್ಬಹುದು. ಬಹಳ ಮುಖ್ಯವಾದ ಷರತ್ತು, ಏನೂ ಇಲ್ಲದ ದಿನ "ಏನೂ ಇಲ್ಲ" ಅಂತ ಬರೀಲೇಬೇಕು. ಹುಡುಗ್ರಿಗೆ ಇದು ಅರ್ಥ ಮಾಡ್ಸೋಕೆ ಸಾಕುಬೇಕಾಯ್ತು, ಏನೂ ಇಲ್ಲ ಅಂದ್ಮೇಲೆ ಎಂತ ಬರೆಯೂದು ಸರ್ ಅಂತ ಕೇಳ್ತಿದ್ರು. ತಾಂಡೇಲರಿಗೆ ಮಾತ್ರ ಒಂದೇ ಸಲಕ್ಕೆ ಅರ್ಥ ಆಯ್ತು, ಮೀನು ಸಿಗದ ದಿನನೂ ಬರೆದಿಟ್ಟವನಿಗೇ ಮೀನು ಯಾವಾಗ ಬರ್ತದೆ ಅಂತ ಗೊತ್ತಾಗೂದು ಅಂದ್ರು.

ಸಮುದ್ರದ ಕಡೆ ಮಾಹಿತಿಗೆ ನಾವು ಸಾರ್ವಜನಿಕವಾಗಿ ಸಿಗೋದನ್ನ ಮಾತ್ರ ಬಳಸಿದ್ವಿ. ಈ ಭಾಗದ ಸಮುದ್ರಕ್ಕೆ ನಾವಿಕರಿಗೆ ಎಚ್ಚರಿಕೆ ಕೊಡೋದು ಭಾರತದ್ದೇ ಜವಾಬ್ದಾರಿ, ನಾವೇರಿಯಾ 8 ಅಂತಾರೆ, ಫೈರಿಂಗ್ ಇದೆ ಇಂಥ ಜಾಗಕ್ಕೆ ಬರ್ಬೇಡಿ ಅನ್ನೋ ಸೂಚನೆಗಳು ಅದ್ರಲ್ಲಿ ಬರ್ತವೆ. ಫೈರಿಂಗ್ ಸೂಚನೆ ಅಂದ್ರೆ ಸೋನಾರ್ ಅಂತ ಅರ್ಥ ಅಲ್ಲ, ಆದ್ರೆ ದಿನಾಂಕಕ್ಕೆ ಹೋಲಿಸೋಕೆ ಒಂದು ಪ್ರಾಮಾಣಿಕ ಆಧಾರ. ಹಡಗಿನ ಫೋಟೋ ತೆಗೀಬಾರ್ದು, ನೆಲೆ ಕಡೆ ಡ್ರೋನ್ ಹಾರಿಸ್ಬಾರ್ದು ಅಂತ ಗುಂಪಿಗೆ ಕಟ್ಟುನಿಟ್ಟಾಗಿ ಹೇಳಿದ್ವಿ. ಈ ಒಂದು ನಿಯಮ ಇಲ್ದಿದ್ರೆ ಮುಂದಿನದ್ಯಾವ್ದೂ ಆಗ್ತಿರ್ಲಿಲ್ಲ.

ಅರಣ್ಯ ಇಲಾಖೆ ಜೊತೆ ಕೂತು ಒಂದು ಪುಟದ ಕ್ರಮ ಬರೆದ್ವಿ, ಕೇಂದ್ರ ಪರಿಸರ ಸಚಿವಾಲಯದ 2021ರ ಮಾರ್ಗಸೂಚಿ ಇಟ್ಕೊಂಡೇ. ಹೆಣ ಕಂಡ್ರೆ ಮೊದಲ ಫೋನ್ ಯಾರಿಗೆ, ಜೆಸಿಬಿ ಬರೋಕೆ ಮುಂಚೆ ನೆರಳು ಮತ್ತೆ ಒದ್ದೆ ಗೋಣಿ, ಯಾವ ಯಾವ ಕಡೆಯಿಂದ ಫೋಟೋ, ವೆಟರ್ನರಿ ಡಾಕ್ಟರು ಎಷ್ಟು ಹೊತ್ತಿಗೆ, ಕಿವಿ ತೆಗೀಬೇಕಂದ್ರೆ ಅನುಮತಿ ಕಾಗದ ಮೊದ್ಲೇ ತಯಾರಿರ್ಬೇಕು. ಕಿವಿ ಬಗ್ಗೆ ನನ್ನ ಡಾಕ್ಟರ್ ಗೆಳೆಯ ಕಾರವಾರಕ್ಕೆ ಬಂದು ತೋರಿಸಿಕೊಟ್ರು. ಮನುಷ್ಯರ ಕಿವಿ ಮೂಳೆ ತಲೆಬುರುಡೆಗೆ ಬೆಸೆದಿರ್ತದೆ, ಇವುಗಳದ್ದು ಹಾಗಲ್ಲ, ತಲೆಬುರುಡೆಯಿಂದ ಬಿಡಿಯಾಗಿ ನಾರಿನಲ್ಲಿ ತೂಗಿಕೊಂಡ ಹಾಗೆ ಇರ್ತದೆ, ಗರಗಸ ಬೇಡ, ಚಾಕು ಸಾಕು. ಸುಲಿದ ಅಡಿಕೆಗಿಂತ ಸ್ವಲ್ಪ ದೊಡ್ಡದು, ಕಲ್ಲಿನಷ್ಟು ಗಟ್ಟಿ. ಅಷ್ಟು ಸಣ್ಣ ವಸ್ತು ಕೈಯಲ್ಲಿ ಹಿಡಿದಾಗ ನನಗೆ ಮಾತು ಬರ್ಲಿಲ್ಲ, ಕತ್ತಲೆ ನೀರಲ್ಲಿ ಮರಿಯನ್ನ ಹುಡುಕೋದು, ಮೀನು ಹಿಡಿಯೋದು, ದಾರಿ ಕಾಣೋದು ಎಲ್ಲಾ ಇದರಿಂದ್ಲೇ. ತೆಗೆದ ತಕ್ಷಣ ಫಾರ್ಮಲಿನ್, ಅಂದ್ರೆ ಕೊಳೆಯದ ಹಾಗೆ ಕಾಪಾಡೋ ದ್ರಾವಣದ ಒಳಗೆ ಹೋಗ್ಬೇಕು, ಇದು ಗಂಟೆಗಳ ಲೆಕ್ಕದ ಕೆಲಸ, ದಿನಗಳದ್ದಲ್ಲ.

ಕೊನೆಗೆ ಹೊಸ ಪತ್ರ. ಈ ಸಲ ಆರೋಪ ಇಲ್ಲ, ಕೋರಿಕೆ ಮಾತ್ರ. ದಡಕ್ಕೆ ಹತ್ತಿರ ಅಭ್ಯಾಸ ಮಾಡೋವಾಗ ಶುರು ಮಾಡೋಕೆ ಮುಂಚೆ ಸುತ್ತ ಪ್ರಾಣಿ ಇದಾವಾ ನೋಡೋದು, ಹತ್ರ ಕಂಡ್ರೆ ಕಮ್ಮಿ ಮಾಡೋದು ಇಲ್ಲಾ ನಿಲ್ಲಿಸೋದು, ಅಮೆರಿಕದ ನೌಕಾಪಡೆಯಲ್ಲಿ ಇಂಥ ದೂರದ ನಿಯಮಗಳು ಇವೆ, 200 ಗಜದ ಒಳಗೆ ಬಂದ್ರೆ ಬಂದ್ ಅನ್ನೋ ತರ. ಆದ್ರೆ ಕಣ್ಣಲ್ಲಿ ನೋಡೋದನ್ನೇ ನಂಬ್ಕೊಂಡ್ರೆ ರಾತ್ರಿ ಏನೂ ಕಾಣಲ್ಲ, ರೆಕ್ಕೆ ಇಲ್ಲದ ಪೋರ್ಪಾಯ್ಸ್ ಹಗಲಲ್ಲೂ ಕಾಣಲ್ಲ. ಅದಕ್ಕೇ ನಾವು ಒತ್ತು ಕೊಟ್ಟಿದ್ದು ಜಾಗಕ್ಕೆ. ಅಳಿವೆ ಬಾಯಿಗಳ ಎದುರಿನ ಆಳ ಕಮ್ಮಿ ಇರೋ ಪಟ್ಟಿ ಬಿಟ್ಟುಬಿಡಿ ಅಂತ. ಕ್ಯಾನರಿ ದ್ವೀಪಗಳ ಸುತ್ತ 50 ನಾಟಿಕಲ್ ಮೈಲಿ ಒಳಗೆ ಸ್ಪೇನ್ 2004ರಲ್ಲಿ ಈ ಸೋನಾರ್ ನಿಲ್ಲಿಸ್ತು, ಆಮೇಲೆ ಅಲ್ಲಿ ಆ ತರದ ಸಾಮೂಹಿಕ ಸಾವು ಕಾಣ್ಲಿಲ್ಲ ಅಂತ 2013ರಲ್ಲಿ ಅಲ್ಲಿನ ಸಂಶೋಧಕರೇ ಬರೆದ್ರು. ಇಷ್ಟು ದಿನದ ಓದಿನಲ್ಲಿ ನನಗೆ ಸಿಕ್ಕ ಅತಿ ಗಟ್ಟಿ ಉದಾಹರಣೆ ಇದೇ. ಇನ್ನೊಂದು ಕೋರಿಕೆ, ಯಾವ ಗುಟ್ಟೂ ನಮಗೆ ಹೇಳ್ಬೇಡಿ, ನಮ್ಮ ನೋಟ್‌ಬುಕ್ಕಿನ ದಿನಾಂಕಗಳನ್ನ ನಿಮ್ಮೊಳಗೇ ಯಾರಾದ್ರೂ ಒಬ್ರು ನಿಮ್ಮ ದಿನಾಂಕದ ಜೊತೆ ಇಟ್ಟು ನೋಡಿ ಅಂತ.

ಫಲ ಏನಾಯ್ತು

ಬರಹದಲ್ಲಿ ಯಾವ ಭರವಸೆನೂ ಬರ್ಲಿಲ್ಲ. ಆದ್ರೆ ಒಂದು ಸಭೆಗೆ ಒಬ್ಬ ಅಧಿಕಾರಿ ಬಂದು ಕೂತ್ರು, ಎರಡು ಗಂಟೆ ಕೇಳಿದ್ರು, ನೋಟ್‌ಬುಕ್ಕಿನ ಪುಟ ಒಂದೊಂದೇ ತಿರುವಿ ನೋಡಿದ್ರು. ನಾವು ಎಲ್ಲಿ ಏನು ಬಳಸ್ತೀವಿ ಅಂತ ಹೇಳೋಕಾಗಲ್ಲ, ನಿಮ್ಮ ಈ ದಿನಾಂಕ ನನಗೆ ಕಳಿಸ್ತಾ ಇರಿ ಅಂದ್ರು. ಅವತ್ತಿಂದ ಪ್ರತಿ ತಿಂಗಳು ಕಳಿಸ್ತೀವಿ. ಒಳಗೆ ಹೋಲಿಸಿ ನೋಡ್ತಾರಾ, ನಮಗೆ ತಿಳಿಯೋ ದಾರಿ ಇಲ್ಲ. ಒಂದು ಫೋನ್ ನಂಬರ್ ಸಿಕ್ತು, ಜೀವಂತ ಪ್ರಾಣಿ ದಡಕ್ಕೆ ಬಂದ್ರೆ ಕರೆ ಮಾಡೋಕೆ. ಎರಡು ಸಲ ಮಾಡಿದೀವಿ, ಎರಡು ಸಲವೂ ಎತ್ತಿದ್ರು.

ಅಳಿವೆ ಹತ್ರ ಹೈಡ್ರೋಫೋನ್, ಅಂದ್ರೆ ನೀರೊಳಗಿನ ಸದ್ದು ಹಿಡಿಯೋ ಮೈಕು, ಇಡೋಕೆ ಹಾಕಿದ ಅರ್ಜಿ ಮುಂದೆ ಹೋಗ್ಲಿಲ್ಲ, ಭದ್ರತೆ ಕಾರಣ. ನೆಲೆಯಿಂದ ದೂರ, ದಕ್ಷಿಣಕ್ಕೆ ಇಡೋದಾದ್ರೆ ನೋಡೋಣ ಅನ್ನೋ ಮಾತು ನಡೀತಾ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ, ಸದ್ದು ಅಳೀದೆ ಸದ್ದಿನ ಬಗ್ಗೆ ಮಾತಾಡೋದು ಇವತ್ತಿಗೂ ನಮ್ಮ ದೊಡ್ಡ ಕೊರತೆ, ನೌಕಾಪಡೆನೇ ಒಬ್ಬ ವಿಜ್ಞಾನಿಯನ್ನ ಜೊತೆ ಸೇರಿಸ್ಕೊಂಡು ಅಳೆದು, ಗುಟ್ಟು ಬಿಟ್ಟು ಉಳಿದಿದ್ದು ಹೇಳಿದ್ರೆ ಎಲ್ಲರಿಗೂ ಒಳ್ಳೇದು. ದೇಶ ಕಾಯೋ ಕೆಲಸಕ್ಕೆ ಸೋನಾರ್ ಬೇಕೇ ಬೇಕು, ಅದ್ರಲ್ಲಿ ನಮಗೆ ತಕರಾರಿಲ್ಲ. ಎಲ್ಲಿ, ಯಾವಾಗ ಅನ್ನೋ ಎರಡು ಆಯ್ಕೆಯಲ್ಲಿ ಪ್ರಾಣಿಗಳಿಗೂ ಒಂದು ಜಾಗ ಕೊಡಿ ಅನ್ನೋದಷ್ಟೇ ನಾವು ಕೇಳ್ತಿರೋದು.

ಮತ್ತೆ ಬಲೆ. ಇದು ನಾವು ಹುಡುಕ್ತಾ ಹೋಗದೇ ಇದ್ದ ವಿಷಯ, ಆದ್ರೆ ನೋಟ್‌ಬುಕ್ಕಲ್ಲಿ ಜಾಸ್ತಿ ಸಿಕ್ಕಿದ್ದು ಇದೇ. ಹೆಸರು ಬರೆಯಲ್ಲ ಅಂತ ಗೊತ್ತಾದ್ಮೇಲೆ ದೋಣಿಯವ್ರೇ ಹೇಳೋಕೆ ಶುರು ಮಾಡಿದ್ರು, ಯಾವ ಜಾಗದಲ್ಲಿ ರಾತ್ರಿ ಬಲೆ ಬಿಟ್ರೆ ಪೋರ್ಪಾಯ್ಸ್ ಬೀಳ್ತದೆ ಅಂತ ಅವರ ನಡುವೆನೇ ಮಾತು ಬಂತು, ಈಗ ಎರಡು ದೋಣಿ ಅಳಿವೆ ಬಾಯಿ ಎದುರು ಬಲೆ ಬಿಡೋದು ತಾವಾಗೇ ನಿಲ್ಲಿಸಿದಾವೆ. ನೇವಿಗೆ ಪಟ್ಟಿ ಬಿಡಿ ಅಂತ ನಾವು ಪತ್ರ ಬರೆದಿದ್ವಿ, ಆ ಪಟ್ಟಿ ಮೊದ್ಲು ಬಿಟ್ಟುಕೊಟ್ಟಿದ್ದು ಇವ್ರು.

ಹೋದ ಮಳೆಗಾಲದಲ್ಲಿ ಒಂದು ಪೋರ್ಪಾಯ್ಸ್ ಬಿತ್ತು, ಬೆಳಗಿನ ಜಾವ, ನಂಬರ್ 2. ಒದ್ದೆ ಗೋಣಿ ಹಾಕಿದ್ದು ಶಾಲೆ ಹುಡುಗ್ರು. ಅನುಮತಿ ಕಾಗದ ಜೀಪಲ್ಲೇ ಇತ್ತು. ನಾಕು ಗಂಟೆ ಒಳಗೆ ಎರಡೂ ಕಿವಿ ಫಾರ್ಮಲಿನ್ ಒಳಗೆ. ವರದಿ ಬಂದಾಗ ಕಿವಿಯಲ್ಲಿ ರಕ್ತಸ್ರಾವ ಇಲ್ಲ, ಶ್ವಾಸಕೋಶದಲ್ಲಿ ಸೋಂಕು ಅಂತ ಇತ್ತು. ಅದನ್ನ ಎಲ್ಲರಿಗೂ ಕಳಿಸಿದ್ವಿ, ಮೊದಲ ಪತ್ರ ಹೋದ ಆ ಎರಡು ಕಚೇರಿಗೂ. ಕಿವಿ ಚೆನ್ನಾಗಿದೆ ಅನ್ನೋ ವರದಿನೂ ಕಳಿಸ್ತೀವಿ ಅಂತ ಗೊತ್ತಾದ್ರೆ, ಚೆನ್ನಾಗಿಲ್ಲ ಅನ್ನೋ ವರದಿ ಕಳಿಸಿದ ದಿನ ಓದ್ತಾರೆ ಅನ್ನೋ ನಂಬಿಕೆ.

ತಾಂಡೇಲರಿಗೆ ಅದನ್ನ ಓದಿ ಹೇಳೋಕೆ ಹೋದಾಗ ಅವರು ನೋಟ್‌ಬುಕ್ ಬಿಚ್ಕೊಂಡು ಕೂತಿದ್ರು, ನಾಕನೇ ಪುಸ್ತಕ. ಕನ್ನಡಕ ಏರಿಸ್ಕೊಂಡು, ಕೈ ನಡುಗ್ತಾ ಇದ್ರೂ ದಪ್ಪ ಅಕ್ಷರದಲ್ಲಿ ಬರೀತಿದ್ರು: ಗಾಳಿ ಪಡುವಣ, ನೀರು ಕೆಂಪು, ಬಂಗಡೆ ಸ್ವಲ್ಪ, ಹಡಗು ಎರಡು, ಡಾಲ್ಫಿನ್ ಮೂರು ಒಂದು ಮರಿ, ಹೆಣ ಏನೂ ಇಲ್ಲ.